ಮರಳುವ ಬಸ್ಸಿನ ಹೊತ್ತು: ಹಿಂದೂಪುರ, ಕಲ್ಯಾಣದುರ್ಗಗಳ ಹೊರವಲಯದ ದಿನಚರಿ ಮತ್ತು ಪಟ್ಟಣದ ಬಳಕೆ

ಒಂದು ಊರಿನಲ್ಲಿ ರಾತ್ರಿ ಎಷ್ಟು ಜನ ತಂಗುತ್ತಾರೆ ಎಂಬ ಲೆಕ್ಕದ ಮೇಲೆಯೇ ನಮ್ಮಲ್ಲಿ ಊರಿನ ಗಾತ್ರ ನಿರ್ಧಾರವಾಗುತ್ತದೆ. 2011ರ ಜನಗಣತಿಯಂತೆ ಹಿಂದೂಪುರದ ಜನಸಂಖ್ಯೆ ಒಂದೂವರೆ ಲಕ್ಷ. ಬೆಳಿಗ್ಗೆ ಬಂದು ಸಂಜೆಗೆ ಹೊರಡುವವರಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ. ಆದರೆ ಯಾವ ರಸ್ತೆಯಲ್ಲಿ ಅಂಗಡಿ ಏಳಬೇಕು, ಯಾವುದು ಎಷ್ಟು ಹೊತ್ತಿಗೆ ತೆರೆಯಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವವರು ಅವರೇ. ಅವರು ಪಟ್ಟಣದೊಳಗೆ ಎಷ್ಟು ದೂರ ಓಡಾಡುತ್ತಾರೆ ಎಂಬುದು ಮರಳುವ ವಾಹನದ ಹೊತ್ತಿನ ಮೇಲೆ ನಿಂತಿದೆ ಎಂಬುದು ಈ ಲೇಖನದ ವಾದ.

ಸ್ವೀಡನ್ನಿನ ಭೂಗೋಳಶಾಸ್ತ್ರಜ್ಞ ಟಾರ್ಸ್ಟೆನ್ ಹೇಗರ್‌ಸ್ಟ್ರಾಂಡ್ ಮನುಷ್ಯನ ದಿನಚರಿಗೆ ಮೂರು ಕಟ್ಟುಗಳನ್ನು 1970ರಲ್ಲಿ ಗುರುತಿಸಿದರು: ದೇಹ ಮತ್ತು ವಾಹನದ ಶಕ್ತಿ, ಇತರರೊಡನೆ ಒಂದೇ ಹೊತ್ತಿಗೆ ಒಂದೇ ಕಡೆ ಸೇರಬೇಕಾದ ಅನಿವಾರ್ಯ, ಅಧಿಕಾರ ಹಾಕಿದ ಗೆರೆ. ಹಿಂದೂಪುರ, ಕಲ್ಯಾಣದುರ್ಗಗಳಿರುವ ಆಂಧ್ರ–ಕರ್ನಾಟಕ ಗಡಿಸೀಮೆಯಲ್ಲಿ ಈ ಮೂರೂ ಒಟ್ಟಿಗೆ ಕೆಲಸ ಮಾಡುತ್ತವೆ.

ಹಿಂದೂಪುರವು ಬೆಂಗಳೂರು–ಗುಂತಕಲ್ ರೈಲುಮಾರ್ಗದ ಮೇಲೆ, ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿದೆ. ಗೌರಿಬಿದನೂರು, ದೊಡ್ಡಬಳ್ಳಾಪುರ, ಯಲಹಂಕಗಳ ಕಡೆ ದುಡಿಯಲು ಹೋಗುವವರಿಗೆ ಊರಿನ ಬಾಗಿಲು ರೈಲು ನಿಲ್ದಾಣವೇ. ಸಂಜೆ ಇಳಿದವರು ತರಕಾರಿ, ಹಾಲು, ಮಕ್ಕಳ ನೋಟುಪುಸ್ತಕಗಳನ್ನು ಮನೆ ದಾರಿಯಲ್ಲೇ ಕೊಳ್ಳಬೇಕು. ಪೇಟೆಯ ಒಳಗೆ ಹೊಕ್ಕರೆ ಹಳ್ಳಿಯ ಕಡೆಯ ಶೇರ್ ಆಟೊ ತಪ್ಪುತ್ತದೆ. ತುಮಕುಂಟ, ಗೊಲ್ಲಾಪುರಂ ಕೈಗಾರಿಕಾ ಪ್ರದೇಶಗಳಿಗೆ ಹೋಗುವ ಹೆಂಗಸರದು ಬೇರೆಯೇ ಕಥೆ. ಕಾರ್ಖಾನೆಯ ವಾಹನ ಹಳ್ಳಿಯ ಅರಳಿಕಟ್ಟೆಯಿಂದ ಕರೆದೊಯ್ದು ಅಲ್ಲಿಗೇ ತಂದು ಬಿಡುವುದಾದರೆ, ವಾರದ ಆರು ದಿನ ಪಟ್ಟಣ ಅವರ ಪಾಲಿಗೆ ಕಿಟಕಿಯಾಚೆಯ ನೋಟ. ಬಟ್ಟೆ, ಚಿನ್ನದ ಗಿರವಿ, ಡಾಕ್ಟರು ಎಲ್ಲವೂ ರಜೆಯ ದಿನಕ್ಕೆ ಮುಂದೂಡಲ್ಪಡುತ್ತವೆ. ದೂರ ಅಷ್ಟೇ ಇದ್ದರೂ ಊರಿನ ಬಳಕೆ ಒಂದೇ ಅಲ್ಲ.

ಅಧಿಕಾರದ ಗೆರೆಗೆ ಇಲ್ಲಿ ಒಳ್ಳೆಯ ನಿದರ್ಶನವಿದೆ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಂದು, ಆಂಧ್ರದ ಸ್ತ್ರೀಶಕ್ತಿ 2025ರ ಆಗಸ್ಟ್ 15ರಂದು ಆರಂಭವಾದವು. ಎರಡರಲ್ಲೂ ಹೆಂಗಸರಿಗೆ ಸರ್ಕಾರಿ ಬಸ್ಸಿನ ಉಚಿತ ಪ್ರಯಾಣ ಆಯಾ ರಾಜ್ಯದೊಳಗೆ ಮಾತ್ರ. ಹಿಂದೂಪುರದ ಹೆಂಗಸು ತುಮಕುಂಟದವರೆಗೆ ಪಲ್ಲೆವೆಲುಗು ಎಂಬ ಹಳ್ಳಿ ಬಸ್ಸಿನಲ್ಲಿ ಕಾಸಿಲ್ಲದೆ ಹೋಗಬಹುದು. ಗಡಿ ದಾಟಿ ಗೌರಿಬಿದನೂರಿಗೆ ಹೋಗುವ ಬಸ್ಸಿಗೆ ಟಿಕೆಟ್ ಬೇಕು. ಮನೆಮಾತು, ನೆಂಟಸ್ತಿಕೆ ಎರಡೂ ಗಡಿಯ ಎರಡೂ ಬದಿಗೆ ಹಬ್ಬಿರುವ ಕಡೆ ಈ ಗೆರೆಯನ್ನು ಸಣ್ಣದೆನ್ನಲು ನನಗೆ ಮನಸ್ಸು ಬಾರದು.

ಕಲ್ಯಾಣದುರ್ಗ ಚಿಕ್ಕ ಊರು. ಊರಿನ ಮೂಲಕ ಹಾಯುವ ರಾಯದುರ್ಗ–ತುಮಕೂರು ರೈಲುಮಾರ್ಗ ಪೂರ್ತಿಯಾಗದೆ ವರ್ಷಗಳೇ ಉರುಳಿದವು. ದಿನದ ಓಡಾಟಕ್ಕೆ ಬಹುಮಟ್ಟಿಗೆ ಬಸ್ಸು, ಆಟೊಗಳೇ ಗತಿ. ಕಂಬದೂರು, ಶೆಟ್ಟೂರು, ಕುಂದುರ್ಪಿ, ಬ್ರಹ್ಮಸಮುದ್ರ ಮಂಡಲಗಳವರನ್ನು ಇಲ್ಲಿಗೆ ಎಳೆಯುವುದು ಕಂದಾಯ ಕಚೇರಿ, ಬ್ಯಾಂಕು ಮತ್ತು ಗ್ರಾಮೀಣಾಭಿವೃದ್ಧಿ ಟ್ರಸ್ಟಿನ ಆಸ್ಪತ್ರೆ. ಕುಂದುರ್ಪಿ ಕಡೆಯಿಂದ ಕೂಸನ್ನೆತ್ತಿಕೊಂಡು ಬರುವ ತಾಯಿಯೊಬ್ಬಳ ದಿನವನ್ನು ಊಹಿಸಿ. ಬೆಳಿಗ್ಗೆ ಚೀಟಿಗೆ ಸರತಿ, ಆಮೇಲೆ ರಕ್ತಪರೀಕ್ಷೆ. ವರದಿ ಕೈಸೇರುವವರೆಗಿನ ಹೊತ್ತು ಅವಳದೇ ಆದರೂ ದೂರ ಹೋಗುವಂತಿಲ್ಲ. ಬುತ್ತಿ ಬಿಚ್ಚಲು ನೆರಳು, ಕೂಸಿಗೆ ಹಾಲೂಡಿಸಲು ಮರೆ, ಶೌಚಾಲಯ, ಕುಡಿಯುವ ನೀರು: ಅಂದಿನ ಮಟ್ಟಿಗೆ ಅವಳ ನಗರವೆಂದರೆ ಇಷ್ಟೇ. ಸಂಜೆಯ ಬಸ್ಸು ತಪ್ಪಿದರೆ ನೆಂಟರ ಮನೆ ಹುಡುಕಬೇಕಾದವಳು ಪೇಟೆಯ ಕೊನೆಯ ಬೀದಿಯನ್ನು ಕಾಣುವುದೇ ಇಲ್ಲ. ಶೇಂಗಾ ಕಿತ್ತು ಮಾರುವ ಕಾಲದಲ್ಲಿ ಇದೇ ಮನೆಗಳ ಗಂಡಸರು ಮಂಡಿ, ಬ್ಯಾಂಕುಗಳ ನಡುವೆ ಇಂಥದೇ ಇಕ್ಕಟ್ಟಿನ ಹಾದಿ ತುಳಿಯುತ್ತಾರೆ.

2011ರ ಜನಗಣತಿ ಕೆಲಸಕ್ಕೆ ಹೋಗುವ ದೂರ ಮತ್ತು ವಾಹನವನ್ನು ಕೇಳಿತ್ತು, ನಿಜ. ಆದರೆ ಆ ಪ್ರಶ್ನೆಯಿಂದ ರೈತರು, ಕೃಷಿ ಕೂಲಿಗಳು, ಗೃಹೋದ್ಯೋಗದವರು ಹೊರಗುಳಿದರು. ಊರನ್ನು ಪಟ್ಟಣವೆಂದು ಗುರುತಿಸುವ ಜನಗಣತಿಯ ಅಳತೆಗೋಲೂ ದುಡಿಮೆಯ ವಿಷಯದಲ್ಲಿ ಕೃಷಿಯೇತರ ದುಡಿಮೆಯಲ್ಲಿರುವ ಗಂಡಸರ ಪ್ರಮಾಣವನ್ನಷ್ಟೇ ನೋಡುತ್ತದೆ. ಶೇಕಡ 75 ಎಂಬ ಆ ಮಿತಿಯಲ್ಲಿ ತುಮಕುಂಟದ ಹೆಂಗಸರ ಪಾಳಿಗೆ ಲೆಕ್ಕವಿಲ್ಲ. ಮುಂದಿನ ಸಮೀಕ್ಷೆಗಳು ಮನೆಬಾಗಿಲಲ್ಲಿ ನಿಲ್ಲದೆ ಬಸ್ ನಿಲ್ದಾಣದಲ್ಲೂ ನಡೆಯಬೇಕು. ಎಲ್ಲಿಂದ ಬಂದಿರಿ ಎಂಬುದರ ಜೊತೆಗೆ, ಎಷ್ಟು ಹೊತ್ತಿನ ಬಸ್ಸಿಗೆ ಮರಳುತ್ತೀರಿ, ಅಲ್ಲಿಯವರೆಗೆ ಎಲ್ಲಿ ಕೂತಿದ್ದಿರಿ ಎಂದೂ ಕೇಳಬೇಕು.