ಗುರುಮನೆಯಿಂದ ನೃತ್ಯಶಾಲೆಗೆ

ಮಗುವನ್ನು ಯಾವ ನೃತ್ಯಶಾಲೆಗೆ ಸೇರಿಸಬೇಕೆಂಬ ಪ್ರಶ್ನೆ ಇಂದು ಬೆಂಗಳೂರು, ಮೈಸೂರುಗಳ ಮನೆಗಳಲ್ಲಿ ತೀರ ಸಹಜವಾಗಿ ಕೇಳಿಬರುತ್ತದೆಯಾದರೂ, ಹಳೆಯ ಮೈಸೂರು ಸೀಮೆಯಲ್ಲಿ ಆ ಪ್ರಶ್ನೆ ಹುಟ್ಟಿ ಇನ್ನೂ ನೂರು ವರ್ಷ ತುಂಬಿಲ್ಲ. ಅದಕ್ಕೂ ಹಿಂದೆ ಕುಣಿತವನ್ನು ವೃತ್ತಿಯಾಗಿ ಉಳ್ಳ ಮನೆತನಗಳಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಗುರು ಯಾರೆಂಬುದು ಬಹುಮಟ್ಟಿಗೆ ಹುಟ್ಟಿನಿಂದಲೇ ನಿಶ್ಚಯವಾಗಿರುತ್ತಿತ್ತು. ಉಳಿದ ಮನೆಗಳಲ್ಲಿ ಮಗಳಿಗೆ ಗೆಜ್ಜೆ ಕಟ್ಟಿಸುವ ಮಾತನ್ನೇ ಯಾರೂ ಎತ್ತುತ್ತಿರಲಿಲ್ಲ. ಆದುದರಿಂದ ಶಾಲೆಯನ್ನು ಆರಿಸುವ ಅಧಿಕಾರ ತಂದೆತಾಯಿಯರ ಕೈಗೆ ಬಂದ ಬಗೆಯನ್ನು ಹೇಳಹೊರಟರೆ, ಆ ವಿದ್ಯೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಹೆಂಗಸರ ಕೈಯಿಂದ ಅದು ಜಾರಿಹೋದ ಬಗೆಯನ್ನೂ ಹೇಳಲೇಬೇಕಾಗುತ್ತದೆ.

ದೇವಾಲಯದ ಸೇವೆಯಲ್ಲಿ ಕುಣಿಯುತ್ತಿದ್ದ ಹೆಂಗಸರನ್ನು ಕನ್ನಡ ಶಾಸನಗಳು ಪಾತ್ರದವರು ಎಂದು ಕರೆದಿವೆ. ಅವರಿಗೆ ತಾಳ ಹಾಕಿ ಸೊಲ್ಲುಕಟ್ಟು ಹೇಳುವವನು, ಎಂದರೆ ಹೆಜ್ಜೆಗೆ ಹೊಂದುವ ತಾಳಾಕ್ಷರಗಳನ್ನು ನುಡಿಯುವವನು, ನಟ್ಟುವ. ಕಲಿಸುವವನೂ ಸಾಮಾನ್ಯವಾಗಿ ಅವನೇ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ತಂಜಾವೂರಿನ ನಾಲ್ವರು ಸಹೋದರರಲ್ಲಿ ಹಿರಿಯನಾದ ಚಿನ್ನಯ್ಯ ಬಂದು ಆಶ್ರಯ ಪಡೆದನು. ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ತಿಲ್ಲಾನ ಎಂಬ ಕ್ರಮದ ಕಛೇರಿಯನ್ನು ರೂಪಿಸಿದ ಕೀರ್ತಿ ಈ ಸಹೋದರರಿಗೆ ಸಲ್ಲುತ್ತದೆ. ಇಂದಿಗೂ ಮಗುವೊಂದು ರಂಗಪ್ರವೇಶಕ್ಕೆ, ಅಂದರೆ ಮೊದಲ ಪೂರ್ಣ ಪ್ರದರ್ಶನಕ್ಕೆ, ಸಿದ್ಧವಾಗುವುದು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ.

ಕಲಿಕೆಯ ಬಗೆ ಮಾತ್ರ ಇಂದಿನದಕ್ಕಿಂತ ತೀರ ಬೇರೆಯಾಗಿತ್ತು. ಗುರು ಮರದ ತಟ್ಟುಮಣೆಯ ಮೇಲೆ ಕೋಲಿನಿಂದ ತಾಳ ಬಡಿಯುತ್ತಿದ್ದರೆ, ಮಗು ಅರೆಮಂಡಿಯಲ್ಲಿ, ಅಂದರೆ ಮೊಣಕಾಲುಗಳನ್ನು ಪಕ್ಕಕ್ಕೆ ಮಡಿಸಿ ಅರ್ಧ ಕುಳಿತ ಭಂಗಿಯಲ್ಲಿ, ಕೈ ಕಾಲುಗಳ ಚಲನೆ ಕೂಡಿದ ಮೂಲಘಟಕಗಳಾದ ಅಡವುಗಳನ್ನು ಮೂರು ಕಾಲಗಳಲ್ಲಿ ಸಾಧಿಸಬೇಕಿತ್ತು. ಅರ್ಥವಿಲ್ಲದ ಶುದ್ಧ ಚಲನೆಯಾದ ನೃತ್ತ ಇಷ್ಟಕ್ಕೆ ಬಹುತೇಕ ಒದಗುತ್ತದೆ. ಆದರೆ ಪದದ ಒಂದೇ ಸಾಲನ್ನು ಹತ್ತು ಭಾವಗಳಲ್ಲಿ ಬಿಡಿಸಿ ತೋರುವ ಅಭಿನಯಕ್ಕೆ ಸಾಹಿತ್ಯದ ತಿಳಿವಳಿಕೆ, ಸಂಗೀತದ ಸಂಸ್ಕಾರ, ಗುರುವಿನ ಮುಖವನ್ನೇ ವರ್ಷಗಟ್ಟಲೆ ಎದುರಿಗೆ ಕುಳಿತು ನೋಡುವ ಅವಕಾಶ ಇವೆಲ್ಲವೂ ಬೇಕು. ಮೈಸೂರಿನ ಸಂಪ್ರದಾಯ ಹೆಸರಾದದ್ದೇ ಈ ಅಭಿನಯಕ್ಕೆ. ಅಷ್ಟಪದಿ, ಜಾವಳಿಗಳ ಜೊತೆಗೆ ಅಮರುಶತಕದ ಶ್ಲೋಕಗಳನ್ನೂ ಅಭಿನಯಿಸುವ ರೂಢಿ ಇಲ್ಲಿ ಬಲವಾಗಿ ಬೆಳೆದಿತ್ತು.

1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ, ಎಂದರೆ ಸರ್ಕಾರದ ಆಡಳಿತಕ್ಕೆ ಒಳಪಟ್ಟ ದೇವಾಲಯಗಳಲ್ಲಿ, ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಎಳೆಯ ಹುಡುಗಿಯರನ್ನು ದೇವರ ಹೆಸರಿನಲ್ಲಿ ಶೋಷಣೆಗೆ ಒಡ್ಡುವ ಪದ್ಧತಿ ಕೊನೆಗಾಣಬೇಕಾಗಿದ್ದುದು ನ್ಯಾಯವೇ. ಆದರೆ ಪದ್ಧತಿಯನ್ನು ನಿಲ್ಲಿಸಿದಷ್ಟು ಶ್ರದ್ಧೆಯಿಂದ ಆ ಹೆಂಗಸರ ವಿದ್ಯೆಗೆ ಬೇರೆ ನೆಲೆ ಕಲ್ಪಿಸುವ ಯೋಚನೆ ನಡೆಯಲಿಲ್ಲವೆಂಬುದು ನೋವಿನ ಸಂಗತಿ. ದೇವಾಲಯದ ಬಾಗಿಲು ಮುಚ್ಚಿದ ಮೇಲೆ ಈ ವಿದ್ಯೆಗೆ ಉಳಿದ ದೊಡ್ಡ ಆಸರೆ ಅರಮನೆಯೊಂದೇ.

ಆ ಆಸರೆಯಲ್ಲಿ ಬೆಳಗಿದವರು ಜಟ್ಟಿ ತಾಯಮ್ಮ (1857–1947). ಹೆಸರೇ ಸೂಚಿಸುವಂತೆ ಅವರು ಬಂದದ್ದು ಕುಸ್ತಿಯ ಜಟ್ಟಿಗಳ ಮನೆಯಿಂದ. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ ಕಡೂರು ಸೀಮೆಯ ತಾಂಡಾವೊಂದರ ಲಂಬಾಣಿ ಕುಟುಂಬದಲ್ಲಿ 1906ರಲ್ಲಿ ಹುಟ್ಟಿದವರು. ಎಂಟು ವರ್ಷದ ಮಗುವಾಗಿದ್ದಾಗ ಅಜ್ಜ ಅಜ್ಜಿ ಅವರನ್ನು ತಾಯಮ್ಮನವರ ಬಳಿಗೆ ಕರೆತಂದು ಬಿಟ್ಟರು. ವಿದ್ಯೆ ಕೆಲವೇ ಮನೆತನಗಳೊಳಗೆ ಬೀಗ ಹಾಕಿಕೊಂಡು ಕುಳಿತಿತ್ತೆಂಬ ಸಾಮಾನ್ಯ ನಂಬಿಕೆಯನ್ನು ಈ ಇಬ್ಬರ ಬದುಕೂ ಸಡಿಲಿಸುತ್ತದೆ. ಗುರುಕುಲದ ರೀತಿಯಲ್ಲಿ ಕಲಿತ ವೆಂಕಟಲಕ್ಷಮ್ಮ ಹನ್ನೆರಡನೆಯ ವಯಸ್ಸಿಗೆ ರಂಗಪ್ರವೇಶ ಮಾಡಿದರು. ನೃತ್ಯದ ಜೊತೆಗೆ ಪಂಡಿತರಿಂದ ಸಂಸ್ಕೃತವನ್ನೂ ವಿದ್ವಾಂಸರಿಂದ ಕರ್ನಾಟಕ ಸಂಗೀತವನ್ನೂ ಕಲಿತರು. 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನ ವಿದುಷಿಯಾಗಿ ನೇಮಿಸಿದರು. ಆ ಅಜ್ಜ ಅಜ್ಜಿ ಮೊಮ್ಮಗಳಿಗಾಗಿ ಮಾಡಿದ್ದೂ ಒಂದು ಆಯ್ಕೆಯೇ. ಆದರೆ ಅವರು ಆರಿಸಿದ್ದು ಶಾಲೆಯನ್ನಲ್ಲ, ಒಬ್ಬ ವ್ಯಕ್ತಿಯನ್ನು. ಮಗುವಿನ ವಾರದ ಎರಡು ಸಂಜೆಗಳನ್ನಲ್ಲ, ಇಡೀ ಬಾಲ್ಯವನ್ನೇ ಆಕೆಗೆ ಒಪ್ಪಿಸಿದರು.

ಇದೇ ಹೊತ್ತಿಗೆ ಮದರಾಸಿನಲ್ಲಿ ಸದಿರ್ ಎಂಬ ಹಳೆಯ ಹೆಸರು ಮರೆಯಾಗಿ ಭರತನಾಟ್ಯವೆಂಬ ಹೆಸರು ನೆಲೆಗೊಳ್ಳುತ್ತಿತ್ತು. ವಕೀಲರಾಗಿದ್ದ ಇ. ಕೃಷ್ಣ ಅಯ್ಯರ್ ಅದರ ಪರವಾಗಿ ಸಾರ್ವಜನಿಕವಾಗಿ ವಾದಿಸಿದರು. ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಕಲಿತ ರುಕ್ಮಿಣೀದೇವಿ 1936ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದರು. ಅಲ್ಲಿ ನೃತ್ಯಕ್ಕೆ ತರಗತಿ, ಪಠ್ಯಕ್ರಮ, ವೇಳಾಪಟ್ಟಿಗಳು ದೊರೆತವು. ಬೆಂಗಳೂರಿನಲ್ಲಿ ಈ ಬದಲಾವಣೆಗೆ ಮುಖ ಕೊಟ್ಟವರಲ್ಲಿ ಯು.ಎಸ್. ಕೃಷ್ಣರಾವ್ ಮತ್ತು ಚಂದ್ರಭಾಗಾದೇವಿ ದಂಪತಿ ಪ್ರಮುಖರು. ಕೃಷ್ಣರಾವ್ ರಸಾಯನಶಾಸ್ತ್ರದ ಅಧ್ಯಾಪಕರು. ಪಂದನಲ್ಲೂರಿನ ಪಾಠದ ಜೊತೆಗೆ ಜಟ್ಟಿ ತಾಯಮ್ಮನವರ ಬಳಿಯೂ ಕಲಿತವರು. 1940ರ ದಶಕದಲ್ಲಿ ಈ ದಂಪತಿ ಬೆಂಗಳೂರಿನಲ್ಲಿ ಮಹಾಮಾಯಾ ಎಂಬ ನೃತ್ಯಶಾಲೆಯನ್ನು ತೆರೆದರು. ಕಾಲೇಜಿನ ಮೇಷ್ಟ್ರೊಬ್ಬರು ಹೆಂಡತಿಯೊಡನೆ ರಂಗದ ಮೇಲೆ ಕುಣಿಯುತ್ತಾರೆ, ಮನೆಯವರಂತೆ ಮಕ್ಕಳಿಗೆ ಕಲಿಸುತ್ತಾರೆ ಎಂಬ ಸಂಗತಿ ಅಂದಿನ ಮಧ್ಯಮವರ್ಗದ ತಂದೆತಾಯಿಯರಿಗೆ ಕೊಟ್ಟ ಧೈರ್ಯ ಸಣ್ಣದಲ್ಲ. ಮಗಳನ್ನು ಕಳಿಸಬಹುದಾದ ಜಾಗ ಎಂಬ ಕಲ್ಪನೆ ಇಂಥ ಶಾಲೆಗಳಿಂದಲೇ ಬೇರೂರಿತು. ಆದರೆ ಅದೇ ವಿದ್ಯೆಯನ್ನು ಅರೆದು ಕುಡಿದಿದ್ದ ಪಾತ್ರದ ಮನೆತನಗಳ ಎಷ್ಟೋ ಹೆಂಗಸರ ಬಾಗಿಲಿಗೆ ಆ ಧೈರ್ಯ ತಲುಪಲಿಲ್ಲ, ಅವರ ಹೆಸರುಗಳೂ ಶಾಲೆಗಳ ಫಲಕಗಳ ಮೇಲೆ ಬರಲಿಲ್ಲ.

ಶಾಲೆ ಎಂಬ ವ್ಯವಸ್ಥೆ ಕಲಿಕೆಯ ತಿರುಳನ್ನೇ ಮೆಲ್ಲನೆ ಬದಲಿಸಿತು. ಸಾಲಾಗಿ ನಿಂತ ಮಕ್ಕಳಿಗೆ ಒಟ್ಟಿಗೆ ಅಡವು ಹೇಳಿಕೊಡಬಹುದು, ತಪ್ಪಿದ ಹೆಜ್ಜೆ ದೂರದಿಂದಲೂ ಕಣ್ಣಿಗೆ ಬೀಳುತ್ತದೆ, ಪ್ರಗತಿಯನ್ನು ಎಣಿಸಬಹುದು. ಅಭಿನಯಕ್ಕೆ ಈ ಸೌಕರ್ಯವಿಲ್ಲ. ಹೀಗಾಗಿ ಅಂಗಶುದ್ಧಿಗೂ ನೃತ್ತದ ಬಿಗಿಗೂ ಹೆಸರಾದ ಪಂದನಲ್ಲೂರು, ಕಲಾಕ್ಷೇತ್ರ ಪಂಥಗಳು ತರಗತಿಗೆ ಸಲೀಸಾಗಿ ಒಗ್ಗಿಕೊಂಡು ಬೆಂಗಳೂರಿನಲ್ಲಿಯೂ ಹರಡಿದರೆ, ಎದುರು ಕುಳಿತು ಕಲಿಯುವುದನ್ನೇ ನೆಚ್ಚಿದ ಮೈಸೂರು ಶೈಲಿ ತನ್ನ ತವರಿನಲ್ಲಿಯೇ ಹಿಂದೆ ಬಿತ್ತು. ಅದು ಹಿಂದೆ ಬಿದ್ದದ್ದು ಗುಣದ ಕೊರತೆಯಿಂದಲ್ಲ. ಕಲಿಸಲು ಅದು ಕೇಳುವ ಕಾಲವನ್ನು ಗಂಟೆಯ ಲೆಕ್ಕದ ಪಾಠ ಕೊಡಲಾರದು. ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ದೀರ್ಘಕಾಲ ನಡೆಸಿದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಶಾಸ್ತ್ರಭಾಗವನ್ನೂ ಪ್ರಯೋಗವನ್ನೂ ಒಳಗೊಂಡು, ಊರೂರಿನ ಕಲಿಕೆಗೆ ಒಂದು ಸಮಾನ ಅಳತೆ ಕೊಟ್ಟವು. ಸಣ್ಣ ಊರಿನ ಮಗುವಿಗೂ ಸರ್ಕಾರದ ಪ್ರಮಾಣಪತ್ರ ದಕ್ಕುವಂತಾದುದು ಅವುಗಳ ದೊಡ್ಡ ಉಪಕಾರವೆಂದೇ ಹೇಳಬೇಕು. ಜೊತೆಗೆ, ನೃತ್ಯದ ಸೊಗಸು ಅರಿಯದ ತಂದೆತಾಯಿಯರಿಗೆ ಶಾಲೆಯನ್ನು ಅಳೆಯಲು ಫಲಿತಾಂಶವೆಂಬ ಸುಲಭದ ಕೋಲೂ ಸಿಕ್ಕಿತು.

ಅರಮನೆಯ ವಿದುಷಿ ವೆಂಕಟಲಕ್ಷಮ್ಮನವರು 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ನೃತ್ಯ ವಿಭಾಗದ ಅಧ್ಯಾಪಕಿಯಾದಾಗ, ಗುರುಮನೆಯ ವಿದ್ಯೆ ಅತ್ಯುನ್ನತ ಶಾಲೆಯನ್ನೇ ಪ್ರವೇಶಿಸಿದಂತಾಯಿತು. ಶಾಲೆಯ ವೇಳಾಪಟ್ಟಿಯಿಂದ ವಿದ್ಯೆಯನ್ನು ಮತ್ತೆ ಗುರುಕುಲಕ್ಕೆ ತರುವ ಯತ್ನವೂ ನಡೆಯದೆ ಇರಲಿಲ್ಲ. ಪ್ರೋತಿಮಾ ಬೇಡಿ 1990ರಲ್ಲಿ ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ ಕಟ್ಟಿದ ನೃತ್ಯಗ್ರಾಮದಲ್ಲಿ ಶಿಷ್ಯರು ಅಲ್ಲೇ ವಾಸಿಸಿ ಕಲಿಯುವ ಏರ್ಪಾಟು ಆಯಿತು, ಒಡಿಸ್ಸಿ ಅಲ್ಲಿ ಗಟ್ಟಿಯಾಗಿ ಬೇರುಬಿಟ್ಟಿತು.

ಇಷ್ಟೆಲ್ಲ ಬದಲಾವಣೆಯ ಗುರುತು ಒಂದೇ ಪದದಲ್ಲಿ ಉಳಿದಿದೆ. ಗೆಜ್ಜೆಪೂಜೆ ಎಂದರೆ ಹಿಂದೆ ಹುಡುಗಿಯೊಬ್ಬಳು ಕುಲದ ವೃತ್ತಿಗೆ ಸೇರುವ ವಿಧಿ, ಮದುವೆಯೆಂಬ ಬಾಗಿಲು ಅವಳಿಗೆ ಮುಚ್ಚುವ ಗಳಿಗೆ. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಚಿತ್ರಕ್ಕೆ ಆ ಹೆಸರಿಟ್ಟಾಗ ನೋಡುಗರ ಎದೆ ಭಾರವಾದದ್ದು ಅದೇ ಕಾರಣಕ್ಕೆ. ಇಂದು ಅದೇ ಪದವನ್ನು ನೃತ್ಯಶಾಲೆಗಳು, ಕೆಲವು ವರ್ಷ ಅಡವು ಕಲಿತ ಮಗು ಮೊದಲ ಸಲ ಗೆಜ್ಜೆ ಕಟ್ಟಿಕೊಳ್ಳುವ ಸಮಾರಂಭಕ್ಕೆ ಬಳಸುತ್ತವೆ. ತಂದೆತಾಯಿ ಅದನ್ನು ಆಹ್ವಾನಪತ್ರಿಕೆಯ ನೆತ್ತಿಯ ಮೇಲೆ ಅಚ್ಚು ಹಾಕಿಸಿ, ನೆಂಟರಿಷ್ಟರನ್ನು ಕರೆದು, ಪೂಜೆಯಾದ ಗೆಜ್ಜೆಯನ್ನು ಗುರುವಿನ ಕೈಯಿಂದ ಮಗುವಿನ ಕಾಲಿಗೆ ಕಟ್ಟಿಸುತ್ತಾರೆ.