ಗೊಂಬೆಯ ಮುಖ ಮತ್ತು ಶೋಕದ ಹಾಡು

ವೇಣೂರಿನ ಗೊಮ್ಮಟನ ಮುಖದಲ್ಲಿರುವುದು ನಗುವೋ, ವೈರಾಗ್ಯವೋ, ವಿಷಾದವೋ ಎಂಬ ಬಗ್ಗೆ ನಮ್ಮೂರಿನಲ್ಲಿ ಇಂದಿಗೂ ಒಮ್ಮತವಿಲ್ಲ. ಅಜಿಲ ಅರಸ ತಿಮ್ಮರಾಜ 1604ರಲ್ಲಿ ಫಲ್ಗುಣಿ ನದಿಯ ದಡದಲ್ಲಿ ನಿಲ್ಲಿಸಿದ 35 ಅಡಿಯ ಈ ಏಕಶಿಲೆಯನ್ನು ನೋಡಿ ಬಂದವರೆಲ್ಲ ಒಂದೊಂದು ಬಗೆಯಲ್ಲಿ ಹೇಳುತ್ತಾರೆ. 2012ರಲ್ಲಿ ಮತ್ತು 2024ರಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ಈ ಚರ್ಚೆಗೆ ಇನ್ನಷ್ಟು ರಂಗೇರಿತ್ತು. ಹಾಲು ಸುರಿದಾಗ ಆ ಮುಖ ಶಾಂತವಾಗಿ ಕಂಡಿತು. ಅರಿಶಿನದ ನೀರು ಇಳಿದಾಗ ನಕ್ಕಂತೆ ಕಂಡಿತು. ಕೆಂಪು ಚಂದನ ಕಣ್ಣಿನ ಕೆಳಗೆ ಹರಿದಾಗ, ಹತ್ತಿರದಲ್ಲಿ ಯಾರೋ ಸ್ತೋತ್ರ ಹಾಡುತ್ತಿದ್ದುದರಿಂದಲೋ ಏನೋ, ಅಳುತ್ತಿದೆಯೇನೋ ಎನಿಸಿತು. ಕಲ್ಲಿನಲ್ಲಿ ಮಾತ್ರ ಏನೂ ಬದಲಾಗಿರಲಿಲ್ಲ.

ನಾನು ಇಲ್ಲಿ ಬರೆಯಹೊರಟಿರುವುದು ಗೊಮ್ಮಟನ ಬಗ್ಗೆಯಲ್ಲ. ಬದಲಾಗದ ಮುಖವೊಂದರ ಮೇಲೆ ಬೆಳಕು ಮತ್ತು ಹಾಡು ಬಿದ್ದಾಗ ನೋಡುವವನ ಎದೆಯಲ್ಲಿ ಏನಾಗುತ್ತದೆ ಎಂಬುದರ ಬಗ್ಗೆ. ಈ ಪ್ರಶ್ನೆ ಈಗ ಎದ್ದಿರುವುದಕ್ಕೂ ಕಾರಣವಿದೆ. ಮೂಡಬಿದಿರೆಯ ಇಂಜಿನಿಯರಿಂಗ್ ಕಾಲೇಜುಗಳಿಗೆ ಬಸ್ಸಿನಲ್ಲಿ ಹೋಗಿಬರುವ ನಮ್ಮ ಕಡೆಯ ಹುಡುಗರು ಮೊಬೈಲಿನಲ್ಲಿ ನೋಡುವ ಇಂಗ್ಲಿಷ್ ಹಾಡುಗಳಲ್ಲಿ ಒಂದು ಬಗೆ ನನ್ನನ್ನು ಬೆರಗುಗೊಳಿಸಿದೆ. ಅಲ್ಲಿ ಕುಣಿತವಿಲ್ಲ, ಹಾಡುವವನ ಮುಖವೂ ಇಲ್ಲ. ಇರುವುದು ಕೈಯಿಂದ ಮಾಡಿದ ಗೊಂಬೆಗಳು ಅಥವಾ ಬರೆದ ಚಿತ್ರಗಳು. ಹಾಡೋ, ಆಳವಾದ ದುಃಖದ್ದು. ನೋಡಿದ ಹುಡುಗರು ಸ್ವಲ್ಪ ಹೊತ್ತು ಮಾತನಾಡುವುದಿಲ್ಲ.

ಈ ಸಂಗೀತಕ್ಕೆ ಪ್ರೋಗ್ರೆಸಿವ್ ರಾಕ್ ಎಂದು ಹೆಸರು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಮೂರು ನಿಮಿಷದ ಪ್ರೇಮಗೀತೆ ಸಾಕಾಗದೆ, ಒಂದು ಹಾಡನ್ನೇ ಹತ್ತು ಇಪ್ಪತ್ತು ನಿಮಿಷಕ್ಕೆ ಹಿಗ್ಗಿಸಿ, ಇಡೀ ಧ್ವನಿಮುದ್ರಿಕೆಯನ್ನು ಒಂದೇ ಕಥೆಯಾಗಿ ಹೆಣೆಯುವ ಹಟ ಅವರದ್ದು. ಯಕ್ಷಗಾನ ಪ್ರಸಂಗವನ್ನು ಇಡೀ ರಾತ್ರಿ ಕೂತು ಕೇಳಿದ ನಮ್ಮವರಿಗೆ ಈ ಹಟ ಅರ್ಥವಾಗದ ಸಂಗತಿಯೇನಲ್ಲ.

ಆದರೆ ಹಾಡಿನ ದುಃಖಕ್ಕೆ ಜೀವವಿಲ್ಲದ ಬೊಂಬೆಯನ್ನು ಜೊತೆಗಿಡುವ ಉಪಾಯ ಇಂಗ್ಲೆಂಡಿನಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ಬಹಳ ಹಳೆಯ ಇತಿಹಾಸವಿದೆ, ಅದರ ದೊಡ್ಡ ಪಾಲು ನಮ್ಮ ಕಡೆಯದೇ.

ಉರ್ದು ಓದಿದವರಿಗೆ ‘ಫಾನೂಸೆ ಖಯಾಲ್’ ಎಂಬ ಮಾತು ಗೊತ್ತಿರುತ್ತದೆ. ಒಳಗೆ ದೀಪ, ಸುತ್ತ ಚಿತ್ರಗಳಿರುವ ಕಾಗದ. ದೀಪದ ಬಿಸಿಗಾಳಿಗೆ ಚಿತ್ರಗಳು ತಿರುಗುತ್ತವೆ. ಆಕಾಶವನ್ನೇ ಇಂಥದೊಂದು ಲಾಟೀನಿಗೆ, ನಮ್ಮನ್ನೆಲ್ಲ ಅದರಲ್ಲಿ ತಿರುಗುವ ಚಿತ್ರಗಳಿಗೆ ಹೋಲಿಸಿದ ರುಬಾಯಿಯೊಂದು ಉಮರ್ ಖಯ್ಯಾಮನ ಹೆಸರಿನಲ್ಲಿದೆ. ಅರಬ್ಬಿಯಲ್ಲಿ ತೊಗಲುಬೊಂಬೆಯಾಟಕ್ಕೆ ‘ಖಯಾಲುಲ್ ಝಿಲ್’ ಎನ್ನುತ್ತಾರೆ. ಹದಿಮೂರನೆಯ ಶತಮಾನದ ಕೈರೋದಲ್ಲಿ ಇಬ್ನ್ ದಾನಿಯಾಲ್ ಎಂಬ ಕಣ್ಣಿನ ವೈದ್ಯ ಈ ಆಟಕ್ಕಾಗಿ ನಾಟಕಗಳನ್ನೇ ಬರೆದಿದ್ದ. ಅದೇ ಖಯಾಲ್ ಎಂಬ ಪದ ಹಿಂದೂಸ್ತಾನಿ ಸಂಗೀತದಲ್ಲಿ ಗಾಯನದ ಹೆಸರಾಯಿತು. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರೂ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರೂ ಬಾಳೆಲ್ಲ ಹಾಡಿದ್ದು ಖಯಾಲನ್ನೇ. ನೆರಳಿಗೂ ಹಾಡಿಗೂ ಕಲ್ಪನೆಗೂ ಒಂದೇ ಪದ ಸಾಕಾಗಿರುವುದು ಕೇವಲ ಭಾಷೆಯ ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ.

ಕರ್ನಾಟಕದ ತೊಗಲುಗೊಂಬೆಯಾಟವನ್ನು ಉಳಿಸಿಕೊಂಡು ಬಂದವರು ಕಿಳ್ಳೇಕ್ಯಾತರು ಅಥವಾ ಶಿಳ್ಳೇಕ್ಯಾತರು. ಮನೆಯಲ್ಲಿ ಮರಾಠಿಯ ಒಂದು ಉಪಭಾಷೆ, ಪರದೆಯ ಹಿಂದೆ ಕನ್ನಡ. ಆಡಿನ, ಜಿಂಕೆಯ ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹದಮಾಡಿ, ರಂಧ್ರ ಕೊರೆದು, ಬಣ್ಣ ಹಚ್ಚುತ್ತಾರೆ. ಆದ್ದರಿಂದ ಪರದೆಯ ಮೇಲೆ ಬೀಳುವುದು ಬರೀ ಕಪ್ಪು ನೆರಳಲ್ಲ, ಬಣ್ಣದ ಬೆಳಕು. ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ನಮ್ಮ ತೊಗಲುಗೊಂಬೆಗಳಲ್ಲಿ ಎಷ್ಟೋ ಗೊಂಬೆಗಳು ಹೆಚ್ಚು ಚಲಿಸುವುದೇ ಇಲ್ಲ. ಒಂದೇ ಹಾಳೆಯಲ್ಲಿ ರಾಮ, ಸೀತೆ, ಲಕ್ಷ್ಮಣ ಮೂವರೂ ಕೂತಿರುತ್ತಾರೆ. ಕೈಕಾಲಿಗೆ ಕೀಲುಗಳೂ ಇರುವುದಿಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾಯರ ಆಸ್ಥೆಯಿಂದ ಕೂಡಿದ ಸಂಗ್ರಹವನ್ನು ನೋಡಿದವರಿಗೆ ಇದು ತಿಳಿದಿದೆ. ಗಾಜಿನ ಹಿಂದೆ ನೋಡಿದರೆ ಅವು ಅಂದದ ಚಿತ್ರಗಳು, ಅಷ್ಟೆ. ಎಣ್ಣೆದೀಪದ ಮುಂದೆ ಹಿಡಿದಾಗ ಮಾತು ಬೇರೆ. ಜ್ವಾಲೆ ನಡುಗುತ್ತದೆ, ಅದರೊಂದಿಗೆ ಅಲ್ಲಾಡದ ಸೀತೆಯೂ ನಡುಗುತ್ತಾಳೆ. ಆಗ ಪರದೆಯ ಹಿಂದಿನಿಂದ ಮನೆಯ ಹೆಂಗಸೊಬ್ಬಳ ಧ್ವನಿ ಏಳುತ್ತದೆ. ಅಳುವ ಕೆಲಸವನ್ನು ಗೊಂಬೆ ಹಾಡಿಗೆ ಬಿಟ್ಟುಕೊಟ್ಟಿರುತ್ತದೆ. ನಟಿ ಅತ್ತರೆ ನಾವು ಅವಳ ಅಳುವನ್ನು ನೋಡುತ್ತೇವೆ, ಚೆನ್ನಾಗಿ ಅತ್ತಳೋ ಇಲ್ಲವೋ ಎಂದು ತೂಗಿಯೂ ನೋಡುತ್ತೇವೆ. ಗೊಂಬೆಯ ಬಳಿ ತೂಗಲು ಏನೂ ಇಲ್ಲ. ನಮ್ಮದೇ ಮನೆಯ ಯಾವುದೋ ಸಾವು, ಯಾವುದೋ ಅಗಲಿಕೆ ಆ ಖಾಲಿ ಮುಖಕ್ಕೆ ಹೋಗಿ ಅಂಟಿಕೊಳ್ಳುತ್ತದೆ.

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 96 ವರ್ಷ. ಪತ್ರಿಕೆಗಳು ವಯಸ್ಸಿನ ಬಗ್ಗೆಯೇ ಹೆಚ್ಚು ಬರೆದವು. ಗೊಂಬೆ ಹಿಡಿದ ಕೈಗೂ ಹಾಡುವ ಗಂಟಲಿಗೂ ಒಂದೇ ಒಕ್ಕಲಿನ ರಕ್ತ ಹರಿಯುವುದರಿಂದ ಆ ಕಲೆಗೆ ಏನು ದಕ್ಕಿದೆ ಎಂದು ಕೇಳಿದವರು ಕಡಿಮೆ.

ನಮ್ಮ ಕರಾವಳಿಯ ಗೊಂಬೆ ತೊಗಲಿನದಲ್ಲ, ಮರದ್ದು. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕಾಮತರ ಮನೆತನ ಯಕ್ಷಗಾನದ ವೇಷ ತೊಡಿಸಿ ಆಡಿಸುವ ಸೂತ್ರದ ಗೊಂಬೆ ಅದು. 2003ರಲ್ಲಿ ತೀರಿಕೊಂಡ ಕೊಗ್ಗ ಕಾಮತರು ಅದನ್ನು ಹೊರದೇಶಗಳವರೆಗೂ ಒಯ್ದರು. ಕಾಸರಗೋಡಿನಲ್ಲಿ ಕೆ.ವಿ. ರಮೇಶರ ತಂಡ ತೆಂಕುತಿಟ್ಟಿನ ಬೊಂಬೆಗಳನ್ನು ಆಡಿಸುತ್ತ ಬಂದಿದೆ. ಮರದ ಮುಖಕ್ಕೆ ಒಮ್ಮೆ ಬರೆದ ಹುಬ್ಬು ಎಂದಿಗೂ ಏರುವುದಿಲ್ಲ, ಇಳಿಯುವುದಿಲ್ಲ. ಭಾಗವತರು ವಿಳಂಬದಲ್ಲಿ ಪದ ಎತ್ತಿಕೊಂಡಾಗ ಗೊಂಬೆ ತಲೆಯನ್ನು ಒಂದಿಷ್ಟು ಬಗ್ಗಿಸಿದರೆ ಮುಗಿಯಿತು. ಮನುಷ್ಯ ವೇಷಧಾರಿ ಅಷ್ಟರಲ್ಲೇ ನಿಲ್ಲಲು ಬಹಳ ದೊಡ್ಡ ಕಲಾವಿದನಾಗಿರಬೇಕು.

ಪಶ್ಚಿಮದವರು ಈ ಗುಟ್ಟನ್ನು ಕ್ಯಾಮರಾದ ಮೂಲಕ ಹಿಡಿದರು. ಜರ್ಮನಿಯ ಲೊಟ್ಟೆ ರೈನಿಗರ್ ಕತ್ತರಿಯಿಂದ ಕಪ್ಪು ಕಾಗದ ಕತ್ತರಿಸಿ, ಕೀಲು ಕಟ್ಟಿ, ಒಂದೊಂದೇ ಚಿತ್ರ ತೆಗೆದು 1926ರಲ್ಲಿ ‘ಪ್ರಿನ್ಸ್ ಅಹ್ಮದ್‌ನ ಸಾಹಸಗಳು’ ಎಂಬ ಚಿತ್ರ ಮಾಡಿದಳು. ಕಥೆ ಅರೇಬಿಯನ್ ನೈಟ್ಸ್‌ನದು, ತಂತ್ರ ಪೂರ್ವದೇಶಗಳ ನೆರಳಿನಾಟದ್ದು. ಇಂದು ಉಳಿದಿರುವ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ನಮ್ಮಲ್ಲಿ ಅದೇ ಹೊತ್ತಿಗೆ ಗಾಳಿ ಬೇರೆ ಕಡೆ ಬೀಸಿತು. 1934ರಲ್ಲಿ ‘ಸತಿ ಸುಲೋಚನ’ ಬಂದ ಮೇಲೆ ಹಾಡಿನ ದುಃಖವನ್ನು ಹೊರುವ ಹೊಣೆ ಪೂರ್ತಿ ನಟ ನಟಿಯರ ಮುಖಕ್ಕೆ ಬಿತ್ತು. ಗ್ಲಿಸರಿನ್ ಬಾಟಲಿಯ ಕಾಲ ಬಂತು.

ರಾಕ್ ಸಂಗೀತಕ್ಕೂ ಚಿತ್ರಗಳು ಸೇರಿದವು. ಇಯಾನ್ ಎಮ್ಸ್ ಎಂಬ ಯುವಕ 1972ರಲ್ಲಿ ಪಿಂಕ್ ಫ್ಲಾಯ್ಡ್ ತಂಡದ ಒಂದು ಸಂಗೀತಕ್ಕೆ ತಾನಾಗಿಯೇ ಚಿತ್ರ ಬರೆದ. ತಂಡ ಅವನನ್ನು ಕರೆದು ಕೆಲಸ ಕೊಟ್ಟಿತು. ಅದೇ ತಂಡದ ‘ದಿ ವಾಲ್’ 1979ರಲ್ಲಿ ಧ್ವನಿಮುದ್ರಿಕೆಯಾಗಿ, 1982ರಲ್ಲಿ ಅಲನ್ ಪಾರ್ಕರ್ ನಿರ್ದೇಶನದ ಚಲನಚಿತ್ರವಾಗಿ ಬಂತು. ಇದರ ಹಿಂದೆ ನಿಜವಾದ ಸಾವೊಂದಿದೆ. ಹಾಡುಗಳನ್ನು ಬರೆದ ರೋಜರ್ ವಾಟರ್ಸ್ ಐದು ತಿಂಗಳ ಕೂಸಾಗಿದ್ದಾಗ, 1944ರ ಫೆಬ್ರವರಿಯಲ್ಲಿ, ಅವನ ತಂದೆ ಇಟಲಿಯ ಆಂಜಿಯೋ ಯುದ್ಧದಲ್ಲಿ ಸತ್ತ. ನೆನಪಿನಲ್ಲಿ ಮುಖವೇ ಇಲ್ಲದ ತಂದೆಗಾಗಿ ಅಳುವುದು ಹೇಗೆ?

ಚಿತ್ರದ ಅನಿಮೇಷನ್ ಭಾಗಗಳನ್ನು ಮಾಡಿದವನು ವ್ಯಂಗ್ಯಚಿತ್ರಕಾರ ಜೆರಾಲ್ಡ್ ಸ್ಕಾರ್ಫ್. ಲಂಡನ್ನಿನ ಮೇಲೆ ಬಾಂಬು ಬಿದ್ದ ದಿನಗಳ ಕುರಿತ ಒಂದು ಹಾಡು ಅದರಲ್ಲಿದೆ. ಗಿಟಾರಿನ ತಂತಿಯನ್ನು ಮೆಲ್ಲನೆ ಮೀಟುತ್ತ, ಜೋಗುಳದಷ್ಟು ಮೆತ್ತಗೆ ಹಾಡಿದ್ದು. ಪರದೆಯ ಮೇಲೆ ಮಾತ್ರ ಬಿಳಿ ಪಾರಿವಾಳದ ಒಡಲು ಸಿಡಿದು ಕಪ್ಪು ಹದ್ದು ಹೊರಬರುತ್ತದೆ, ಯುದ್ಧವಿಮಾನಗಳು ಶಿಲುಬೆಗಳಾಗುತ್ತವೆ, ಮುಖವಾಡ ಹಾಕಿದ ಬೆತ್ತಲೆ ಜೀವಿಗಳು ನೆಲಕ್ಕೆ ಕವುಚಿಕೊಳ್ಳುತ್ತವೆ. ಕೂಗಾಡದ ಹಾಡು, ಕೂಗಾಡುವ ಚಿತ್ರ. ಎರಡೂ ಒಂದೇ ಮಾತನ್ನು ಹೇಳಿದ್ದರೆ ಅದು ಯುದ್ಧವಿರೋಧಿ ಭಿತ್ತಿಪತ್ರವಾಗಿ ಮುಗಿಯುತ್ತಿತ್ತು. ಹಾಡು ಬಾಯಿ ಮುಚ್ಚಿಕೊಂಡದ್ದನ್ನು ಚಿತ್ರ ಹೇಳಿಬಿಟ್ಟದ್ದರಿಂದ ಆ ಮೆದುಧ್ವನಿಯೇ ಭಯ ಹುಟ್ಟಿಸುತ್ತದೆ. ವಾಟರ್ಸ್ 2002ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಬಂದು ಹಾಡಿದಾಗ ಈ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡ ಸಾವಿರಾರು ಕನ್ನಡದ ಹುಡುಗರು ಅಲ್ಲಿದ್ದರು.

ನಮ್ಮ ಬಸ್ಸಿನ ಹುಡುಗರು ನೋಡುವುದು ಅದರ ಮುಂದಿನ ತಲೆಮಾರನ್ನು. ಸ್ಟೀವನ್ ವಿಲ್ಸನ್ ಎಂಬ ಇಂಗ್ಲಿಷ್ ಸಂಗೀತಗಾರ 2013ರಲ್ಲಿ ತಂದ ಮುದ್ರಿಕೆಯ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಹಾಡಲೊಲ್ಲದ ಕಾಗೆ’. ಇಂಗ್ಲಿಷಿನ ರೇವನ್ ನಮ್ಮ ಊರಕಾಗೆಗಿಂತ ದೊಡ್ಡದು, ಇರಲಿ. ಅದೇ ಹೆಸರಿನ ಹಾಡಿಗೆ ಜೆಸ್ ಕೋಪ್ ಮತ್ತು ಸೈಮನ್ ಕಾರ್ಟ್‌ರೈಟ್ ಅನಿಮೇಷನ್ ಮಾಡಿದ್ದಾರೆ. ಸಾವಿನ ಹೊಸ್ತಿಲಲ್ಲಿರುವ ಒಬ್ಬ ಮುದುಕ. ಬಾಲ್ಯದಲ್ಲೇ ತೀರಿಕೊಂಡ ಅವನ ಅಕ್ಕ. ಅಂಗಳಕ್ಕೆ ಬರುವ ಒಂದು ಹಕ್ಕಿ. ಆ ಹಕ್ಕಿಯೇ ಅಕ್ಕ ಎಂದು ಮುದುಕನಿಗೆ ಖಾತ್ರಿಯಾಗುತ್ತದೆ. ಹಿಂದೆ ಭಯವಾದಾಗ ಅಕ್ಕ ಹಾಡುತ್ತಿದ್ದಂತೆ ಅದು ಹಾಡಬೇಕು ಎಂದು ಬೇಡುತ್ತಾನೆ. ಅದು ಹಾಡುವುದಿಲ್ಲ.

ಇದನ್ನು ಇಂಗ್ಲೆಂಡಿನವನು ದೆವ್ವದ ಕಥೆಯಾಗಿ ಕೇಳಬಹುದು. ವೇಣೂರಿನವನಿಗೆ ಇದು ನೆರೆಮನೆಯ ಅಂಗಳ. ಸತ್ತವರಿಗೆಂದು ಎಲೆಯಲ್ಲಿ ಅನ್ನವಿಟ್ಟು, ಮನೆಯವರೆಲ್ಲ ದೂರ ನಿಂತು ‘ಕಾ ಕಾ’ ಎಂದು ಕರೆದು, ಕಾಗೆ ಮುಟ್ಟದಿದ್ದರೆ ಮುಖ ಮುಖ ನೋಡಿಕೊಳ್ಳುವುದನ್ನು ಹಿಂದೂ ನೆರೆಹೊರೆಯಲ್ಲಿ ಬೆಳೆದ ಯಾವ ಮುಸ್ಲಿಮನೂ ಕಂಡಿರುತ್ತಾನೆ. ಅವರಿಗೆ ಯಾವ ಆಸೆ ಉಳಿದಿತ್ತು, ನಮ್ಮಿಂದ ಏನು ತಪ್ಪಾಯಿತು ಎಂದು ಆಗ ಶುರುವಾಗುವ ಗುಸುಗುಸುವಿನಲ್ಲಿ ಹೆಣ ಎತ್ತಿದ ದಿನ ಬಾರದ ಅಳು ಬರುತ್ತದೆ. ಮುದುಕನ ಪಾತ್ರವನ್ನು ಒಬ್ಬ ನಟ ಮಾಡಿ, ನಿಜವಾದ ಹಕ್ಕಿಯೊಂದನ್ನು ಅವನ ಮುಂದೆ ಕೂರಿಸಿದ್ದರೆ ನಮಗೆ ಪಳಗಿಸಿದ ಹಕ್ಕಿ ಕಾಣುತ್ತಿತ್ತು. ಬರೆದ ಹಕ್ಕಿ ಹಕ್ಕಿಯೂ ಹೌದು, ಅಕ್ಕನೂ ಹೌದು. ಎರಡರಲ್ಲಿ ಯಾವುದೆಂದು ಚಿತ್ರ ತೀರ್ಮಾನ ಹೇಳುವುದಿಲ್ಲ.

ಕೋಪ್ 2015ರಲ್ಲಿ ವಿಲ್ಸನ್‌ನ ‘ರುಟೀನ್’ ಎಂಬ ಹಾಡಿಗೆ ಮಾಡಿದ್ದು ಇನ್ನೂ ಕಠಿಣವಾದುದು. ಈ ಹಾಡಿರುವ ಮುದ್ರಿಕೆಗೆ ಪ್ರೇರಣೆಯಾದದ್ದು ಲಂಡನ್ನಿನಲ್ಲಿ 2003ರಲ್ಲಿ ತನ್ನ ಕೋಣೆಯಲ್ಲೇ ಸತ್ತು, 2006ರವರೆಗೆ ಯಾರೂ ಹುಡುಕದೆ ಉಳಿದ ಜಾಯ್ಸ್ ವಿನ್ಸೆಂಟ್ ಎಂಬ ಹೆಣ್ಣಿನ ಸುದ್ದಿ, ಆಕೆಯ ಟಿ.ವಿ. ಆಗಲೂ ಉರಿಯುತ್ತಿತ್ತು. ‘ರುಟೀನ್’ನಲ್ಲಿ ಬರುವವಳು ಬೇರೆ ಹೆಂಗಸು. ಗಂಡ ಮಕ್ಕಳನ್ನು ಕಳೆದುಕೊಂಡಿದ್ದಾಳೆ, ಆದರೂ ದಿನದ ಕೆಲಸ ನಿಲ್ಲಿಸುವುದಿಲ್ಲ. ಒರೆಸುತ್ತಾಳೆ, ಇಸ್ತ್ರಿ ಹಾಕುತ್ತಾಳೆ, ಇಲ್ಲದವರಿಗೆ ಅಡಿಗೆ ಮಾಡುತ್ತಾಳೆ. ಇದೆಲ್ಲವನ್ನೂ ಮಾಡುವುದು ಒಂದು ಗೊಂಬೆ. ಸಿನಿಮಾದಲ್ಲಿ ಒಂದು ನಿಮಿಷಕ್ಕೆ 1440 ಚೌಕಟ್ಟುಗಳು. ಗೊಂಬೆಯ ಕೈಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಇನ್ನೊಂದು. ಹೀಗೆ ತಯಾರಾದ ಚಲನೆಯಲ್ಲಿ ಎಣ್ಣೆದೀಪದ ಮುಂದಿನ ತೊಗಲುಗೊಂಬೆಯದೇ ನಡುಕ ಉಳಿದುಬಿಡುತ್ತದೆ. ಆ ಹೆಂಗಸು ತನ್ನಷ್ಟಕ್ಕೆ ಚಲಿಸುತ್ತಿಲ್ಲ, ಯಾವುದೋ ಅವಳನ್ನು ಕೆಲಸದಿಂದ ಕೆಲಸಕ್ಕೆ ನೂಕುತ್ತಿದೆ ಎನಿಸುತ್ತದೆ. ದುಃಖದ ಮನೆಯಲ್ಲಿ ಮರುದಿನ ಪಾತ್ರೆ ತಿಕ್ಕಲು ಕೂತ ಹೆಂಗಸರನ್ನು ನೋಡಿದವರಿಗೆ ಇದು ಉತ್ಪ್ರೇಕ್ಷೆಯಾಗಿ ಕಾಣದು. ನಿನೆತ್ ತಯೆಬ್ ಎಂಬ ಗಾಯಕಿಯ ಧ್ವನಿ ಕೊನೆಗೊಮ್ಮೆ ಆರ್ತನಾದವಾಗುವಾಗ, ಆ ಕೂಗು ಗೊಂಬೆಯ ಒಳಗೆ ಇಷ್ಟು ಹೊತ್ತು ಹೇಗೆ ಹಿಡಿಸಿತ್ತು ಎಂದು ನೋಡುವವನಿಗೇ ಉಸಿರು ಕಟ್ಟುತ್ತದೆ. ಉರ್ದುವಿನ ಮರ್ಸಿಯಾದಲ್ಲಿ ಚಿತ್ರವೇ ಇರುವುದಿಲ್ಲ. ಮೀರ್ ಅನೀಸ್ ಮಾತಿನಲ್ಲೇ ಕರ್ಬಲದ ಬಾಯಾರಿಕೆಯನ್ನು ಕಣ್ಣೆದುರು ತರುತ್ತಾರೆ. ಆ ಪರಂಪರೆಯಲ್ಲಿ ಓದಿ ಬೆಳೆದ ನನಗೆ ಹಾಡಿಗೆ ಚಿತ್ರ ಸೇರಿಸುವುದೆಂದರೆ ಸ್ವಲ್ಪ ಅನುಮಾನವೇ. ‘ರುಟೀನ್’ ಆ ಅನುಮಾನವನ್ನು ಅಲುಗಿಸಿದ್ದು ನಿಜ.

ಆದರೆ ಅನಿಮೇಷನ್ ಎಂದ ಮಾತ್ರಕ್ಕೆ ದುಃಖ ಆಳವಾಗುತ್ತದೆ ಎಂದಲ್ಲ. ಕನ್ನಡದ ಮಕ್ಕಳೆಲ್ಲ ಕೇಳಿ ಅತ್ತಿರುವ ಹಾಡೊಂದಿದ್ದರೆ ಅದು ಗೋವಿನ ಹಾಡು. ಹುಲಿಗೆ ಕೊಟ್ಟ ಮಾತಿಗಾಗಿ ಹಾಲುಣ್ಣುವ ಕರುವನ್ನು ಬಿಟ್ಟು ಹೊರಡುವ ತಾಯಿ. ಈ ಕಥೆಯಿಂದ ವಿ. ರವಿಶಂಕರ್ ‘ಪುಣ್ಯಕೋಟಿ’ ಎಂಬ ಸಂಸ್ಕೃತ ಅನಿಮೇಷನ್ ಚಿತ್ರವನ್ನೇ ಮಾಡಿದರು. ಇಳಯರಾಜಾ ಸಂಗೀತ ಕೊಟ್ಟ ಅದು 2020ರಲ್ಲಿ ಬಂತು. ಅದು ಬೇರೆ ಮಟ್ಟದ ಪ್ರಯತ್ನ. ನಾನು ಹೇಳುತ್ತಿರುವುದು ಮನೆ ಮನೆಯ ಮೊಬೈಲಿನಲ್ಲಿ ಅಂಗನವಾಡಿ ಮಕ್ಕಳು ನೋಡುವ ಗೋವಿನ ಹಾಡುಗಳ ಬಗ್ಗೆ. ಅಲ್ಲಿ ಹಸುವಿಗೆ ಉದ್ದ ರೆಪ್ಪೆ, ಹೊಳೆಯುವ ಕಣ್ಣು. ‘ಕರು’ ಎಂದರೆ ಕರು ಕಾಣಿಸುತ್ತದೆ, ‘ಹುಲಿ’ ಎಂದರೆ ಹುಲಿ. ಬೀಳ್ಕೊಡುವ ಹೊತ್ತಿಗೆ ಹಸುವಿನ ಕಣ್ಣಿಂದ ನೀಲಿ ಹನಿಗಳು ಉದುರುತ್ತವೆ. ಮಗು ಕಡಲೆ ತಿನ್ನುತ್ತ ನೋಡಿ ಮುಂದಿನ ಹಾಡಿಗೆ ಬೆರಳು ಒತ್ತುತ್ತದೆ. ಹಾಡು ಹೇಳಿದ್ದನ್ನೇ ಚಿತ್ರವೂ ಹೇಳಿ, ಮೇಲೆ ಕಣ್ಣೀರನ್ನೂ ಅದೇ ಸುರಿಸಿಬಿಟ್ಟರೆ ಮಗುವಿನ ಪಾಲಿಗೆ ಏನೂ ಉಳಿಯುವುದಿಲ್ಲ. ಇದೇ ಹಾಡನ್ನು ಅಜ್ಜಿಯ ಬಾಯಲ್ಲಿ ಕತ್ತಲೆಯಲ್ಲಿ ಕೇಳಿದ ಮಗು ಕರುವಿನ ಜಾಗದಲ್ಲಿ ತನ್ನನ್ನೇ ಇಟ್ಟುಕೊಂಡು ಅಮ್ಮನ ಸೆರಗು ಹಿಡಿಯುತ್ತಿತ್ತು.

ಬೆಂಗಳೂರಿನಲ್ಲಿ ಇಂದು ಅನಿಮೇಷನ್ ಸ್ಟುಡಿಯೋಗಳಿಗೆ ಬರವಿಲ್ಲ. ಅಲ್ಲಿ ಕೆಲಸ ಮಾಡುವವರಲ್ಲಿ ದಕ್ಷಿಣ ಕನ್ನಡದ ಹುಡುಗ ಹುಡುಗಿಯರೂ ಇದ್ದಾರೆ. ಅವರಲ್ಲಿ ಯಾರಾದರೂ ಮೋರನಾಳಕ್ಕೆ ಹೋಗಿ, ಕೀಲಿಲ್ಲದ ಒಂದು ತೊಗಲುಗೊಂಬೆಯನ್ನು ದೀಪದ ಮುಂದೆ ಹಿಡಿದು, ಪರದೆಯ ಹಿಂದೆ ಹಾಡುವವರ ಜೊತೆ ಒಂದು ರಾತ್ರಿ ಕೂರಬೇಕು. ಗೋವಿನ ಹಾಡಿನ ಹಸುವಿಗೆ ಎಂಥ ಮುಖ ಬರೆಯಬೇಕು ಎಂಬುದು ಅಲ್ಲಿ ತಿಳಿದೀತು.