ಮಂದ್ರದ ಪೆಟ್ಟಿಗೆ: ಧಾರವಾಡ ಗ್ರಾಮಾಂತರದ ಧ್ವನಿವರ್ಧನೆಯ ಒಂದು ಅಧ್ಯಾಯ

ಧಾರವಾಡ ಸೀಮೆಯ ಸಂಗೀತವನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಗಾಯಕರ, ಘರಾಣೆಗಳ, ನಾಟಕ ಮಂಡಳಿಗಳ ಚರಿತ್ರೆಯಾಗಿದೆ. ಹಾಡು ಯಾವ ಸಾಧನದ ಮೂಲಕ ಕೇಳುಗನ ಕಿವಿಯನ್ನು ಮುಟ್ಟಿತು ಎಂಬ ಪ್ರಶ್ನೆಗೆ ಅಲ್ಲಿ ದೊರೆತ ಸ್ಥಾನ ಕಿರಿದು. ಬಯಲಿನಲ್ಲಿ ನಡೆಯುವ ಸಣ್ಣಾಟ, ದೊಡ್ಡಾಟ, ಭಜನೆ, ರಸಮಂಜರಿಗಳ ಅಧ್ಯಯನದಲ್ಲಿ ಈ ಪ್ರಶ್ನೆಯನ್ನು ಬದಿಗಿರಿಸುವಂತಿಲ್ಲ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗಗಳಲ್ಲಿ ಮೈಕ್‌ಸೆಟ್ಟಿನವರು ಪ್ಲೈವುಡ್ ಹಲಗೆಯಿಂದ ಕಟ್ಟಿಸಿಕೊಳ್ಳುವ ಬೇಸ್ ಪೆಟ್ಟಿಗೆಯನ್ನು ಪೇಟೆಯ ಸರಕಿನ ಅಗ್ಗದ ನಕಲೆಂದು ತಳ್ಳಿಹಾಕುವುದು ಸುಲಭ. ಆದರೆ ಬಯಲು ರಂಗವು ಕೆಲವು ದಶಕಗಳ ಕಾಲ ಕಳೆದುಕೊಂಡಿದ್ದ ಮಂದ್ರ ನಾದವನ್ನು ಮರಳಿ ತಂದುಕೊಟ್ಟದ್ದು ಇಂಥ ಪೆಟ್ಟಿಗೆಯೇ.

ಮಂದ್ರ ನಾದವನ್ನು ಊರಿನಲ್ಲೇ ತಯಾರಿಸಿಕೊಳ್ಳುವುದು ಈ ನಾಡಿಗೆ ಹೊಸತಲ್ಲ. ಹುಬ್ಬಳ್ಳಿ ತಾಲ್ಲೂಕಿನ ಬ್ಯಾಹಟ್ಟಿಯ ಜಗ್ಗಲಿಗೆ ಇದಕ್ಕೆ ಅತ್ಯುತ್ತಮ ನಿದರ್ಶನ. ಎತ್ತಿನ ಗಾಡಿಯ ಗಾಲಿಯ ಕಟ್ಟಿಗೆ ಎಮ್ಮೆಯ ಚರ್ಮವನ್ನು ಬಿಗಿದು ಮಾಡುವ ಈ ವಾದ್ಯ ಹೊತ್ತು ನಡೆಯಲಾಗದಷ್ಟು ದೊಡ್ಡದು, ಉರುಳಿಸಿಕೊಂಡೇ ಹೋಗಬೇಕು. ಹೋಳಿ, ಯುಗಾದಿಗಳಲ್ಲಿ ಮಣ್ಣಿನ ಒಡಲಿನ ಪುಟ್ಟ ಕಣಿಹಲಗಿ ಲಯವನ್ನು ನಿರ್ದೇಶಿಸುತ್ತದೆ, ಜಗ್ಗಲಿಗೆ ಅದಕ್ಕೆ ತಳವನ್ನು ಒದಗಿಸುತ್ತದೆ. ಅಗಲವಾದ ಚರ್ಮ ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳುತ್ತದೆ ಎಂಬ ತತ್ತ್ವ ಇಲ್ಲಿ ಶಾಸ್ತ್ರದ ಹಂಗಿಲ್ಲದೆ ಸಿದ್ಧಿಸಿದೆ. ಮೀರಜಿನ ತಂಬೂರಿಯ ಬುರುಡೆಯಲ್ಲಿಯೂ ನಾದಕ್ಕೆ ಮೈ ಕೊಡುವ ಇಂಥದೇ ತಿಳಿವಳಿಕೆಯಿದೆ.

ಸವಾಯಿ ಗಂಧರ್ವರು ನೆಲೆಸಿ ಕಲಿಸಿದ ಕುಂದಗೋಳದಲ್ಲಿ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಮೊದಲಾದವರು ಶಿಷ್ಯವೃತ್ತಿ ನಡೆಸಿದರು. 1952ರಲ್ಲಿ ಗುರುಗಳು ತೀರಿಕೊಂಡ ನಂತರ ಅಲ್ಲಿನ ನಾಡಿಗೇರ ವಾಡೆಯಲ್ಲಿ ಅವರ ಪುಣ್ಯಸ್ಮರಣೆಯ ಸಂಗೀತೋತ್ಸವ ನಡೆದುಬಂದಿತು. ವಾಡೆಯಂಥ ಕಟ್ಟಡದಲ್ಲಿ ಗೋಡೆಗಳು ನಾದವನ್ನು ಹಿಡಿದು ಮರಳಿಸುತ್ತವೆ. ಬಯಲಿಗೆ ಈ ಸೌಕರ್ಯವಿಲ್ಲ. ಅಲ್ಲಿ ನಟನ ಗಂಟಲು, ಪೇಟಿಯ ತಾರಸ್ವರ ಇವೇ ಆಸರೆ. (ಹಾರ್ಮೋನಿಯಂ ಕೂಡ ಈ ಸೀಮೆಯವರ ಬಾಯಲ್ಲಿ ‘ಪೇಟಿ’, ಅಂದರೆ ಪೆಟ್ಟಿಗೆಯೇ.)

ವಿದ್ಯುತ್ ಧ್ವನಿವರ್ಧಕ ಹಳ್ಳಿಗೆ ಬಂದದ್ದು ಕಹಳೆಯ ರೂಪದಲ್ಲಿ. 1940ರಲ್ಲಿ ಆರಂಭಗೊಂಡ ಅಹುಜಾ ಸಂಸ್ಥೆಯ ಸಾಧನಗಳು ದೇಶದಾದ್ಯಂತ ಜಾತ್ರೆ, ಸಭೆ, ಮದುವೆಗಳಿಗೆ ಪರಿಚಿತವಾದವು. ಅಲ್ಪ ಶಕ್ತಿಯಿಂದ ಮಾತನ್ನು ದೂರಕ್ಕೆ ಒಯ್ಯುವುದು ಕಹಳೆಯ ಗುಣ. ಬ್ಯಾಟರಿಯ ಮೇಲೂ ಅದು ನಡೆಯಿತು. ಆದರೆ ಕಹಳೆ ಮಂದ್ರವನ್ನು ಹೊರಸೂಸಬೇಕಾದರೆ ಅದರ ಬಾಯಿಯ ಸುತ್ತಳತೆ ನಾದದ ಅಲೆಯ ಉದ್ದದಷ್ಟಾದರೂ ಇರಬೇಕು. ಗಂಡು ಕಂಠಕ್ಕೆ ಕೂಡಿಸಿದ ತಂಬೂರಿಯ ಖರಜದ ತಂತಿ ಸುಮಾರು 70 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಆ ಅಲೆಯ ಉದ್ದ ಐದು ಮೀಟರಿಗೆ ಸಮೀಪ. ಅದಕ್ಕೆ ಒಂದೂವರೆ ಮೀಟರು ಅಗಲದ ಬಾಯಿ ಬೇಕಾಗುತ್ತದೆ. ಕಂಬಕ್ಕೆ ಕಟ್ಟುವ ಕಹಳೆಯ ಬಾಯಿ ಅರ್ಧ ಮೀಟರಿನ ಆಸುಪಾಸಿನದು. ಹೀಗಾಗಿ ಡೊಳ್ಳು ಟಕಟಕ ಎನ್ನುವ ಸದ್ದಾಗಿಯೂ ಡಗ್ಗಾ ಬರಿಯ ತಟ್ಟಾಗಿಯೂ ಕೇಳಿದವು. ದೂರದ ಹೊಲಕ್ಕೆ ಸಾಹಿತ್ಯ ಸ್ಪಷ್ಟವಾಗಿ ತಲುಪಿತು, ಸಂಗೀತದ ತಳ ತಲುಪಲಿಲ್ಲ. ಮೇಲಿನ ಸ್ವರಾಂಶಗಳ ಆಧಾರದಿಂದ ಕಿವಿ ಇಲ್ಲದ ಮಂದ್ರವನ್ನು ಊಹಿಸಿಕೊಳ್ಳಬಲ್ಲದು, ನಿಜ. ಆದರೆ ಊಹಿಸಿಕೊಂಡ ಡೊಳ್ಳಿಗೆ ಎದೆ ನಡುಗುವುದಿಲ್ಲ.

ಈ ಕೊರತೆಗೆ ದೊರೆತ ಪರಿಹಾರವೇ ಕಾಗದದ ಕೋನಿನ ದೊಡ್ಡ ಸ್ಪೀಕರ್ ಮತ್ತು ಅದನ್ನು ಹಿಡಿದಿಡುವ ಪೆಟ್ಟಿಗೆ. ಹದಿನೈದು ಅಥವಾ ಹದಿನೆಂಟು ಇಂಚಿನ ಸ್ಪೀಕರನ್ನು ಹಾಗೇ ನೆಲದ ಮೇಲಿಟ್ಟು ನುಡಿಸಿದರೆ ಮಂದ್ರ ಹುಟ್ಟುವುದಿಲ್ಲ. ಕೋನು ಮುಂದಕ್ಕೆ ತಳ್ಳಿದ ಗಾಳಿ ಅಂಚನ್ನು ಸುತ್ತಿ ಹಿಂದಿನ ತೆರವಿಗೆ ಸೇರಿ, ಒಂದನ್ನೊಂದು ನುಂಗಿಬಿಡುತ್ತವೆ. ಹಿಂಬದಿಯ ಗಾಳಿಯನ್ನು ಪೆಟ್ಟಿಗೆಯಲ್ಲಿ ಕೂಡಿಹಾಕುವುದು ಮೊದಲ ಉಪಾಯ. ಆ ಗಾಳಿಗೊಂದು ಕಂಡಿಯನ್ನು ಬಿಟ್ಟು ಅದನ್ನೂ ದುಡಿಸಿಕೊಳ್ಳುವುದು ಎರಡನೆಯದು. 1932ರಲ್ಲಿ ಅಮೆರಿಕೆಯ ಆಲ್ಬರ್ಟ್ ಥುರಾಸ್ ಈ ಎರಡನೆಯ ಉಪಾಯಕ್ಕೆ ಪೇಟೆಂಟ್ ಪಡೆದರು. 1961ರಲ್ಲಿ ನೆವಿಲ್ ಥೀಲ್, 1970ರ ದಶಕದ ಮೊದಲ ವರ್ಷಗಳಲ್ಲಿ ರಿಚರ್ಡ್ ಸ್ಮಾಲ್ ಇವರು ಸ್ಪೀಕರಿಗೆ ತಕ್ಕ ಪೆಟ್ಟಿಗೆಯನ್ನು ಲೆಕ್ಕದಿಂದ ನಿರ್ಧರಿಸುವ ಮಾರ್ಗವನ್ನು ಸಿದ್ಧಪಡಿಸಿದರು.

ಕಂಡಿಯ ಪೆಟ್ಟಿಗೆ ಖಾಲಿ ಶೀಸೆಯ ಬಾಯಿಗೆ ಊದಿದಂತೆ ವರ್ತಿಸುತ್ತದೆ. ಒಳಗೆ 200 ಲೀಟರ್ ಗಾಳಿ, 20 ಸೆಂ.ಮೀ. ಚೌಕದ ಕಂಡಿ, ಅದರ ಪರಿಣಾಮಕಾರಿ ಉದ್ದ 30 ಸೆಂ.ಮೀ. ಇದ್ದರೆ ಪೆಟ್ಟಿಗೆ ಸುಮಾರು 45 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಕಂಡಿಯನ್ನು ಅಗಲಿಸಿದರೆ ನಾದ ಮೇಲೇರುತ್ತದೆ, ಉದ್ದಗೊಳಿಸಿದರೆ ಕೆಳಗಿಳಿಯುತ್ತದೆ. ಊರಿನ ಪೆಟ್ಟಿಗೆಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಬಡಿಗನ ರೂಢಿ ಹೊರ ಅಳತೆಯದು. ಎಲ್ಲ ಮಗ್ಗುಲೂ 60 ಸೆಂ.ಮೀ. ಇರುವ ಪೆಟ್ಟಿಗೆ ಹೊರಗಿನಿಂದ 216 ಲೀಟರ್; 18 ಮಿ.ಮೀ. ಹಲಗೆಯ ದಪ್ಪವನ್ನು ಕಳೆದರೆ ಒಳಗೆ ಉಳಿಯುವುದು 179 ಲೀಟರ್. ಸ್ಪೀಕರಿನ ಅಯಸ್ಕಾಂತ, ಕಂಡಿಯ ಕೊಳವೆ, ಅಡ್ಡಪಟ್ಟಿಗಳು ಇನ್ನಷ್ಟು ಜಾಗವನ್ನು ತಿನ್ನುತ್ತವೆ. ಪೇಟೆಯ ಮಾದರಿಯನ್ನು ನೋಡಿ ಹೊರ ಆಕಾರವನ್ನು ಮಾತ್ರ ಎತ್ತಿಕೊಂಡು ಬೇರೆ ಸ್ಪೀಕರ್ ಕೂಡಿಸಿದಾಗ ಒಂದೇ ಸ್ವರಕ್ಕೆ ಗುಂಯ್‌ಗುಡುವ ಪೆಟ್ಟಿಗೆ ತಯಾರಾಗುತ್ತದೆ.

ಆದರೆ ಮರಗೆಲಸದ ಮಟ್ಟಿಗೆ ಬಡಿಗನ ಅನುಭವವೇ ಪ್ರಮಾಣ. ಹಲಗೆ ನಡುಗಿದರೆ ನಾದ ಸೋರುತ್ತದೆ. ಆದ್ದರಿಂದ ಒಳಗೆ ಅಡ್ಡಪಟ್ಟಿಗಳು ಬೇಕು. ಸಂದಿಯಲ್ಲಿ ಕೂದಲೆಳೆಯಷ್ಟು ಬಿರುಕು ಉಳಿದರೂ ಗಾಳಿ ಸೀಟಿ ಹಾಕುತ್ತದೆ. ಆದ್ದರಿಂದ ಕೂಡಿಕೆಗೆ ಮೊಳೆ ಸಾಲದು, ಅಂಟೂ ತಿರುಪೂ ಬೇಕು. ಕಲಘಟಗಿಯ ಚಿತ್ರಗಾರರು ಸಾಗುವಾನಿ ತೊಟ್ಟಿಲುಗಳಿಗೆ ಅರಗಿನ ಬಣ್ಣವನ್ನೇರಿಸಿ ಹೆಸರಾದವರು. ಆ ಕಲೆಗೂ ಈ ಪೆಟ್ಟಿಗೆಗೂ ನೇರ ಸಂಬಂಧವನ್ನು ಕಲ್ಪಿಸುವುದು ಅತಿಯಾದೀತು. ಮರವನ್ನು ಬಲ್ಲ ಕೈಗಳು ಈ ಸೀಮೆಗೆ ಹೊಸತಲ್ಲ ಎಂದಷ್ಟೇ ಹೇಳಬಹುದು.

ಬಯಲಿನಲ್ಲಿ ಗೋಡೆಯ ನೆರವಿಲ್ಲದ ಕಾರಣ ಒಂದು ಪೆಟ್ಟಿಗೆ ಸಾಲದು. ಎರಡು ಪೆಟ್ಟಿಗೆಗಳನ್ನು ಒತ್ತೊತ್ತಾಗಿ ಇಟ್ಟು ಎರಡಕ್ಕೂ ಸಮನಾದ ಶಕ್ತಿ ಕೊಟ್ಟರೆ ಮಂದ್ರ ಸುಮಾರು 6 ಡೆಸಿಬೆಲ್ ಏರುತ್ತದೆ. ಈ ಲಾಭವೇ ಮುಂದೆ ಪೈಪೋಟಿಗೂ ದಾರಿಯಾಯಿತು. ಸಣ್ಣಾಟದ ಡಗ್ಗಾಕ್ಕೆ ಮೈ ಕೊಡಲು ಹುಟ್ಟಿದ ಸಾಧನ, ಗಣೇಶ ವಿಸರ್ಜನೆಯ ಮೆರವಣಿಗೆಯಲ್ಲಿ ಟ್ರಾಕ್ಟರಿನ ಮೇಲೆ ಗೋಡೆಯಂತೆ ಪೇರಿಸಲ್ಪಟ್ಟು, ಪಕ್ಕದಲ್ಲೇ ಸಾಗುವ ಹಲಗೆ, ಡೊಳ್ಳುಗಳನ್ನೇ ಕೇಳದಂತೆ ಮಾಡಿತು. ಇದನ್ನು ಏಳಿಗೆಯೆಂದು ಬಣ್ಣಿಸಲಾಗದು.

ಕೇಂದ್ರ ಸರ್ಕಾರ 2000ದ ಫೆಬ್ರುವರಿಯಲ್ಲಿ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳನ್ನು ಹೊರಡಿಸಿತು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧ ಬಂದಿತು. 2005ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಇನ್ನಷ್ಟು ಬಿಗಿಗೊಳಿಸಿತು. ಬೆಳ್ಳಂಬೆಳಗಿನವರೆಗೆ ನಡೆಯುವ ದೊಡ್ಡಾಟಕ್ಕೂ ಮೆರವಣಿಗೆಯ ಅಬ್ಬರಕ್ಕೂ ಕಾನೂನು ಒಂದೇ. ಧ್ವನಿವರ್ಧಕ ಬಳಸುವ ಸ್ಥಳದ ಎಲ್ಲೆಯಲ್ಲಿ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಇವೆರಡರಲ್ಲಿ ಕಡಿಮೆಯಾದುದನ್ನು ಮೀರಬಾರದು. ಆದರೆ ಈ ಅಳತೆ ನಡೆಯುವುದು ‘ಎ’ ತೂಕದ ಮಾಪಕದಲ್ಲಿ. ಮೆಲುದನಿಗೆ ಕಿವಿ ಸ್ಪಂದಿಸುವ ರೀತಿಯನ್ನು ಅನುಸರಿಸಿದ ಈ ತೂಕ ಮಂದ್ರವನ್ನು ತೀರ ಕಡಿತಗೊಳಿಸಿ ಎಣಿಸುತ್ತದೆ. 50 ಹರ್ಟ್ಸ್‌ನ ನಾದ ವಾಸ್ತವದಲ್ಲಿ 100 ಡೆಸಿಬೆಲ್ ಇದ್ದರೂ ಮಾಪಕ ತೋರಿಸುವುದು ಸುಮಾರು 70. ಕಿಟಕಿ ಗದಗದಿಸಿ ತೊಟ್ಟಿಲ ಕೂಸು ಎಚ್ಚತ್ತ ಮನೆಯವರ ದೂರಿಗೆ ಕಾಗದದ ಮೇಲಿನ ಅಂಕಿ ಸಾಕ್ಷಿ ನುಡಿಯದೆ ಹೋಗಬಹುದು. ಅದೇ ನಾದವನ್ನು ‘ಸಿ’ ತೂಕದಲ್ಲಿ ಅಳೆದರೆ 99ರ ಸಮೀಪ ಬರುತ್ತದೆ; ನಿಯಮಗಳು ಕೇಳುವುದು ಮಾತ್ರ ‘ಎ’ ತೂಕದ ಅಂಕಿಯನ್ನು.